ಹೊರಗಿನ ಸದಸ್ಯೆ ನೀಲಾಂಬಿಕೆ
ಕೃಷ್ಣರಾಜನಗರದ ಹತ್ತಿರದ ಭತ್ತದ ಸಂಶೋಧನಾ ಕೇಂದ್ರದಲ್ಲಿ ಎಲ್ಲರಿಗೂ ಸಮನಾದ ಅವಕಾಶ ಸಿಗುತ್ತಿದೆಯೇ ಎಂದು ನೋಡಿ ಸಲಹೆ ಕೊಡುವ ಸಮಿತಿಗೆ ಹೊರಗಿನಿಂದ ಕರೆಸಿಕೊಂಡ ಸದಸ್ಯೆ ನಿವೃತ್ತ ಮುಖ್ಯೋಪಾಧ್ಯಾಯಿನಿ ನೀಲಾಂಬಿಕೆ. ಅವರು ಗೇಟಿನೊಳಗೆ ಕಾಲಿಟ್ಟರೆ ನಿರ್ದೇಶಕರೂ ಶರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಸಭೆಗೆ ಮೊದಲು ಹೆಂಗಸರ ಶೌಚಾಲಯದ ಚಿಲಕ ಎಳೆದು ನೋಡುವರು, ನಾಟಿಯ ಆಳುಗಳ ಜೊತೆ ಕೂತು ಟೀ ಕುಡಿಯುವರು. "ಎಲ್ಲಾ ಬಂದವ್ರೆ ಮೇಡಂ" ಎಂದು ಸಭೆಯಲ್ಲಿ ಯಾರಾದರೂ ಹೇಳಿದರೆ, "ಬರಕ್ಕಾಗ್ದೆ ಇರೋರು ಯಾರು, ಅದನ್ನೇಳ್ರಿ" ಎನ್ನುವರು. ಅವರ ಹಟಕ್ಕೇ ಕೇಂದ್ರದ ಜಗಲಿಯಲ್ಲಿ ಆಳುಹೆಂಗಸರ ಕೂಸುಗಳಿಗೆ ತೊಟ್ಟಿಲು ಕಟ್ಟಿದರು, ಮೆಟ್ಟಿಲ ಪಕ್ಕ ಗಾಲಿಕುರ್ಚಿಗೆ ಇಳಿಜಾರು ಮಾಡಿದರು. ಗುಡಿಗೆ ಹೋದರೂ, ಹಿಂದೆ ನಿಂತವರಿಗೆ ದೇವರು ಕಾಣುತ್ತಾನೋ ಇಲ್ಲವೋ ಎಂದು ತಿರುಗಿ ನೋಡುವ ಹೆಂಗಸು ಎಂದು ಗುಮಾಸ್ತರು ನಗುತ್ತಿದ್ದರು. ತೊಂಬತ್ತೆಂಟನೇ ಇಸವಿಯ ರೈತರ ದಿನಕ್ಕೆ, ಸುಧಾ ಎಂಬ ಕಿರಿಯ ವಿಜ್ಞಾನಿ ಬೆಳೆಸಿದ ಹೊಸ ತಳಿಯ ಬಗ್ಗೆ ಹಿರಿಯ ವಿಜ್ಞಾನಿಯೊಬ್ಬರು ಮಾತಾಡುವುದೆಂದು ತೀರ್ಮಾನವಾಗಿತ್ತು. "ಅಷ್ಟು ಜನರ ಮುಂದೆ ಆ ಹುಡುಗಿ ಹೆದರ್ತಾಳೆ" ಎಂದರು ನಿರ್ದೇಶಕರು. "ಹೆದರ್ಲಿ ಬುಡ್ರಿ, ಹೆದರ್ಕೊಂಡೇ ಮಾತಾಡ್ಲಿ. ತಳಿ ಅವಳ್ದಲ್ವಾ" ಎಂದರು ನೀಲಾಂಬಿಕೆ. ಆ ದಿನ ಸುಧಾ ಹೆದರುತ್ತಲೇ ಶುರುಮಾಡಿದಳು. ಮುಗಿಯುವ ಹೊತ್ತಿಗೆ ರೈತರು ವೇದಿಕೆಯ ಸುತ್ತ ನೆರೆದು ಅವಳನ್ನೇ ಪ್ರಶ್ನೆ ಕೇಳುತ್ತಿದ್ದರು. ಕೇಂದ್ರದ ಮಾತನ್ನು ಹೊರಗೆ ಎಂದೂ ಎತ್ತದ ನೀಲಾಂಬಿಕೆ ಅಂದು ಬಸ್ಸಿನಲ್ಲಿ, ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ಕಡೆ ತಿರುಗಿ, "ಇವತ್ತು ನಮ್ಮುಡ್ಗಿ ಮಾತಾಡಿದ್ದನ್ನ ನೀವು ಕೇಳ್ಬೇಕಿತ್ತು ಕಣ್ರೀ" ಎಂದರು.