ಚಂದತ್ತೆ ತಂಬೂರಿಯನ್ನು ಪಳಗಿಸಿದ್ದು

ಚಂದತ್ತೆ ಪ್ರೀತಿಯಿಂದ ಕೆನ್ನೆ ಸವರಿದರೆ ಕೆನ್ನೆ ಉರಿಯುತ್ತಿತ್ತು. ಅಷ್ಟು ಒರಟು ಅವಳ ಕೈ. ನಮ್ಮಪ್ಪನ ಅಕ್ಕ ಅವಳು. ಗಂಡ ತೀರಿಕೊಂಡ ಮೇಲೆ ನಾಗಣಸೂರಿನ ನಮ್ಮ ಮನೆಗೆ ಬಂದು, ಹೊಲವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ನೋಡಿಕೊಳ್ಳುವುದೆಂದರೆ ಬದುವಿನ ಮೇಲೆ ನಿಂತು ಬೆರಳು ತೋರಿಸುವುದಲ್ಲ. ಬಿಳಿಜೋಳ ಕೀಳುವ ಸುಗ್ಗಿಯಲ್ಲಿ ಎಲ್ಲರಿಗಿಂತ ಮುಂದಿನ ಸಾಲು ಅವಳದೇ. "ನೀವು ನೆರಳಾಗ ಕುಂದರ್ರಿ ಅವ್ವಾರ" ಎಂದು ಆಳುಗಳು ಅಂದರೆ, "ನೆರಳಾಗ ಕುಂತ್ರ ನನಗ ನಿದ್ದಿ ಬರ್ತದ, ನನ್ನ ನೋಡಿ ನಿಮಗೂ ಬರ್ತದ" ಎನ್ನುತ್ತಿದ್ದಳು.

ಸೋಮವಾರ ಸಂಜೆ ಮಾತ್ರ ಅವಳು ಬೇರೆಯೇ ಹೆಂಗಸು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಒಂಟಿ ತಂತಿಯ ತಂಬೂರಿ ಹೆಗಲಿಗೇರಿಸಿ ಮಠಕ್ಕೆ ಹೋಗಿ ತತ್ವಪದ ಹಾಡುತ್ತಿದ್ದಳು. ಆಗ ನಮ್ಮದು ಅಕ್ಕಲಕೋಟೆ ಸಂಸ್ಥಾನ. ಪೇಟೆಯ ಮಾತು, ಕಾಗದಪತ್ರ ಎಲ್ಲ ಮರಾಠಿ. ನನಗೆ ಕನ್ನಡ ಓದಲು ಬಂದದ್ದು ಎಷ್ಟೋ ಆಮೇಲೆ. ಅದಕ್ಕೂ ಮೊದಲು ಬಂದದ್ದು ಅತ್ತೆಯ ಪದಗಳು.

ಒಂದು ವರ್ಷ ಅವಳು ಜ್ವರ ಬಂದು ಮಲಗಿದಳು. ಜ್ವರ ಹೋಗುವಾಗ ಅರ್ಧ ಗಂಟಲನ್ನೂ ತೆಗೆದುಕೊಂಡು ಹೋಯಿತು. ಅದೇ ಹೊತ್ತಿಗೆ ತಂಬೂರಿಯ ಹಳೆಯ ಹಿತ್ತಾಳೆ ತಂತಿ ಹರಿಯಿತು. ಅಪ್ಪ ಅಕ್ಕನಿಗೆಂದು ಸೊಲ್ಲಾಪುರದ ಪೇಟೆಯಲ್ಲಿ ಹುಡುಕಾಡಿ ಉಕ್ಕಿನ ತಂತಿ ತಂದ. ಮೀಟಿದರೆ ಕಿವಿಗೆ ಚುಚ್ಚುವ ಸದ್ದು. ಅದರ ಕೆಳಗೆ ಅತ್ತೆಯ ದನಿ ಕೇಳುತ್ತಲೇ ಇರಲಿಲ್ಲ. ಮಠದ ಹಿರಿಯ ಗುರುಲಿಂಗಪ್ಪನವರು ಕೆಲವು ವಾರ ನೋಡಿ, "ಚಂದವ್ವ, ಭಾಳ ವರ್ಷ ಹಾಡೀದಿ. ಇನ್ನ ಜರಾ ಆರಾಮ ತಗೋ. ನೀ ಬರೇ ತಂಬೂರಿ ಮೀಟು, ಹುಡುಗ್ಯಾರು ಹಾಡ್ಲಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅತ್ತೆ ಅಂದು ಊಟ ಮಾಡಲಿಲ್ಲ.

"ಹಾಡು ಬಿಟ್ರ ನನ್ನ ಕಡೆ ಏನ ಉಳೀತು? ಎತ್ತಿನಂಗ ದುಡಿಯೂದಷ್ಟ" ಎಂದಳು ನನಗೆ.

ಮೊದಲು ತಂತಿಯನ್ನು ಬೈದಳು, ಅಪ್ಪನ ಕಿವಿಗೆ ಬೀಳದಂತೆ. ಆಮೇಲೆ ತಂತಿಯ ಕೆಳಗೆ ಕಂಬಳಿಯ ಉಣ್ಣೆ ಎಳೆ ಸಿಕ್ಕಿಸಿದಳು. ತಂಬೂರಿ ಸತ್ತೇ ಹೋಯಿತು. "ನೋಡ, ಕಂಬಳಿ ಹೊಚ್ಚಿದ ಕೂಡ್ಲೇ ಮಲ್ಕೊಂತು" ಎಂದು ನಕ್ಕಳು. ಎಳೆ ಕಿತ್ತು ತಂತಿ ಸಡಿಲಿಸಿದರೆ ಶ್ರುತಿ ಇಳಿದು ಅವಳ ಗಂಟಲಿಗೆ ಸಿಗಲಿಲ್ಲ, ಮತ್ತೆ ಬಿಗಿದಳು.

ನನ್ನ ಮದುವೆ ನಿಶ್ಚಯವಾಗಿ, ನನ್ನನ್ನು ಹೊಲಕ್ಕೆ ಕಳಿಸುವುದನ್ನು ಬಿಟ್ಟಿದ್ದರು. ಒಂದು ಮಧ್ಯಾಹ್ನ ಹೊತ್ತು ಹೋಗದೆ ತಂಬೂರಿ ಎತ್ತಿಕೊಂಡು ಮೀಟಿದೆ. ಅದೇ ತಂತಿ, ಮೆತ್ತಗಿನ ಸದ್ದು. ಹಿಟ್ಟು ನಾದುತ್ತಿದ್ದ ಅತ್ತೆ ಹಾಗೆಯೇ ಎದ್ದು ಬಂದಳು.

"ಇನ್ನೊಮ್ಮಿ ಮೀಟ."

ಮೀಟಿದೆ. ನನ್ನ ಬೆರಳನ್ನು ಒತ್ತಿ ನೋಡಿದಳು, ತನ್ನದನ್ನು ನೋಡಿದಳು. ಜೋಳ ಕಿತ್ತು ಕಿತ್ತು ಅವಳ ತೋರುಬೆರಳ ತುದಿ ಜಡ್ಡುಗಟ್ಟಿ ಒಣ ತೊಗಲಾಗಿತ್ತು. ಹಿತ್ತಾಳೆ ತಂತಿ ಆ ಒರಟನ್ನು ಹೊಟ್ಟೆಗೆ ಹಾಕಿಕೊಂಡಿತ್ತು; ಉಕ್ಕಿನದು ಎತ್ತಿ ಆಡಿತು.

"ಅಯ್ಯ, ತಂತೀದಲ್ಲವ್ವಾ ತಪ್ಪು! ಇಷ್ಟ ದಿನ ಪಾಪ ಅದಕ್ಕ ಬೈದ್ನಿ."

"ಹಂಗಾದ್ರ ಹೊಲದ ಕೆಲಸ ಬಿಡು ಅಕ್ಕ, ಕೈ ಮೆತ್ತಗಾಗ್ತದ" ಎಂದ ಅಪ್ಪ. ಅವ್ವ ಬೆರಳಿಗೆ ಹಚ್ಚಲೆಂದು ಎಣ್ಣೆ ಕಾಯಿಸಲು ಹೋದಳು. ಅತ್ತೆ ಇಬ್ಬರ ಮಾತೂ ಕೇಳಲಿಲ್ಲ. ಒಂದೊಂದೇ ಬೆರಳನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತ ಉಂಗುರಬೆರಳಿಗೆ ಬಂದು ನಿಂತಳು.

"ಇಂವನ ನೋಡ ಮೈಗಳ್ಳ! ಎಲ್ಲಾರೂ ದುಡದ್ರು, ಇಂವ ಕುಂತು ಉಂಡಾನ. ಇನ್ನ ಮ್ಯಾಲ ಇಂವಗ ಮಠದ ಚಾಕರಿ."

ಮೈಗಳ್ಳನನ್ನು ಪಳಗಿಸುವುದು ಸುಲಭವಾಗಲಿಲ್ಲ. ಲಯ ತಪ್ಪುತ್ತಿತ್ತು, ಬೆರಳನ್ನು ಮಗನನ್ನು ಬೈದಂತೆ ಬೈದು ಮತ್ತೆ ಮೀಟುತ್ತಿದ್ದಳು. ಸುಗ್ಗಿ ಮುಗಿಯುವ ಹೊತ್ತಿಗೆ ಮಠದಲ್ಲಿ ಮತ್ತೆ ಹಾಡಿದಳು. ಸಣ್ಣ ದನಿ, ಸಣ್ಣ ಶ್ರುತಿ. ಜನ ಹತ್ತಿರ ಸರಿದು ಕೂತರು. ಗುರುಲಿಂಗಪ್ಪನವರು ಕೈಯ ತಾಳ ಕೆಳಗಿಟ್ಟು ಕೇಳಿದರು. ನನಗೆ ಹೆಮ್ಮೆಯಿಂದ ಅಳು ಬಂತು.

ನಾನು ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ಕೆಲವು ವರ್ಷಗಳಿಗೆ ಚಂದತ್ತೆ ಹಾಸಿಗೆ ಹಿಡಿದಳೆಂದು ಸುದ್ದಿ ಬಂತು. ಊರಿಗೆ ಹೋದಾಗ ಅವಳಿಗೆ ಕೈ ಎತ್ತಲೂ ಆಗುತ್ತಿರಲಿಲ್ಲ. "ನೀ ಮೀಟ, ನಾ ಹಾಡ್ತೀನಿ" ಎಂದಳು. ಆದಷ್ಟು ಮೆಲ್ಲಗೆ ಮೀಟಿದೆ. ದನಿ ಉಸಿರಿನಷ್ಟೇ ಇತ್ತು. ಆದರೂ ಪದದ ಒಂದೊಂದು ಮಾತೂ ಕೇಳಿಸಿತು. ಪದದ ನಡುವೆ ಒಂದು ಕಡೆ ದನಿ ನಿಂತಿತು. ದಣಿವಾರಿಸಿಕೊಳ್ಳುತ್ತಿದ್ದಾಳೆ, ಮತ್ತೆ ಎತ್ತಿಕೊಳ್ಳುತ್ತಾಳೆ, ಶ್ರುತಿ ಬಿಡಬಾರದು ಎಂದುಕೊಂಡೆ. ಅಪ್ಪ ಬಂದು ನನ್ನ ಕೈ ಹಿಡಿಯುವವರೆಗೂ ಮೀಟುತ್ತಲೇ ಇದ್ದೆ.