ಎಂಟನೇ ಜಾಡಿ

ಹೋದ ವಾರ ಅಂಗಡಿಯಿಂದ ತಂದ ಸಾಸಿವೆಯ ಪೊಟ್ಟಣ ಬಿಚ್ಚಿದರೆ, ಕಟ್ಟಿಕೊಟ್ಟಿದ್ದ ಕಾಗದ ಗ್ರಾಫ್ ಹಾಳೆಯಾಗಿತ್ತು. ಯಾವುದೋ ಶಾಲೆಯ ಹುಡುಗನ ರೆಕಾರ್ಡ್ ಪುಸ್ತಕದ್ದಿರಬೇಕು. ಕಿತ್ತಳೆ ಬಣ್ಣದ ಸಣ್ಣ ಸಣ್ಣ ಚೌಕಗಳು, ಅವುಗಳ ಮೇಲೆ ಸಾಸಿವೆಯ ಘಾಟು. ಕಾಳನ್ನು ಡಬ್ಬಿಗೆ ಸುರಿದ ಮೇಲೂ ಹಾಳೆಯನ್ನು ಎಸೆಯಲು ಕೈ ಬರಲಿಲ್ಲ. ಇಂಥದೊಂದು ಹಾಳೆಗಾಗಿ ಮೂರು ವರ್ಷ ಇಂಡೆಂಟು ಬರೆದು, ಒಂದೂ ಸಿಗದೆ ವರ್ಗವಾಗಿ ಹೋದವರೊಬ್ಬರು ನೆನಪಾದರು...

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಸೊರಬದ ಬ್ಲಾಕ್ ಆಫೀಸಿಗೆ ಗ್ರಾಮಸೇವಿಕೆಯಾಗಿ ಹೊಸದಾಗಿ ಸೇರಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವರು ನಮ್ಮ ಆಫೀಸಿನ ಪ್ರಗತಿ ಸಹಾಯಕರು. ಯಾವ ಊರಲ್ಲಿ ಎಷ್ಟು ಗೊಬ್ಬರದ ಗುಂಡಿ ತೋಡಿದರು, ಎಷ್ಟು ಮನೆಗೆ ಹೊಗೆಯಿಲ್ಲದ ಒಲೆ ಬಂತು, ಎಷ್ಟು ಕೋಳಿಗೆ ಚುಚ್ಚುಮದ್ದು ಆಯಿತು... ತಾಲ್ಲೂಕಿನ ಪ್ರಗತಿಯನ್ನೆಲ್ಲ ಕಾಲಮ್ಮುಗಳಲ್ಲಿ ತುಂಬಿಸಿ ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಕಳಿಸುವುದು ಅವರ ಕೆಲಸ. ಸಣಕಲು ಮನುಷ್ಯ. ಜೇಬಿನಲ್ಲಿ ಒಂದು ಕೆಂಪು ಪೆನ್ನು, ಒಂದು ನೀಲಿ ಪೆನ್ನು, ಕಂಕುಳಲ್ಲಿ ಸದಾ ಲಾಗರಿದಂ ಪುಸ್ತಕ.

ಅವರಿಗೊಂದು ಹುಚ್ಚಿತ್ತು. ಎರಡು ಸಂಗತಿ ಕಣ್ಣಿಗೆ ಬಿದ್ದರೆ ಸಾಕು, ಅವಕ್ಕೆ ಸಂಬಂಧ ಉಂಟೋ ಇಲ್ಲವೋ ಎಂದು ಲೆಕ್ಕ ಹಾಕಬೇಕು. ಅಂಬ್ಲಿಗೊಳದ ಜಲಾಶಯದಲ್ಲಿ ನೀರು ಎಷ್ಟಿದೆ ಎಂಬುದಕ್ಕೂ ಶಿಕಾರಿಪುರದ ಸಂತೆಯ ಬದನೆಕಾಯಿ ಬೆಲೆಗೂ ಒಮ್ಮೆ ಹಾಕಿದ್ದರು. ಸಾಗರದ ಬಸ್ಸು ಎಷ್ಟು ತಡ ಎಂಬುದಕ್ಕೂ ಅದರಲ್ಲಿ ಬರುವ ನಮ್ಮ ಮೇಲಧಿಕಾರಿ ಬಿಡಿಓ ಅವರ ಸಿಟ್ಟಿಗೂ ಇನ್ನೊಮ್ಮೆ. ಸಿಟ್ಟಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಜವಾನನನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ‘ಸಹಸಂಬಂಧ ಗುಣಾಂಕ ಅಂತಾರಮ್ಮ ಇದಕ್ಕೆ. ಎರಡೂ ಜೊತೆಜೊತೆಗೆ ಏರಿ ಇಳಿದರೆ ಒಂದರ ಹತ್ತಿರ ಬರುತ್ತೆ. ಒಂದಕ್ಕೊಂದು ಏನೂ ಅಲ್ಲದಿದ್ರೆ ಸೊನ್ನೆ’ ಎಂದು ನನಗೂ ಪಾಠ ಹೇಳಿದ್ದರು. ಆ ಗುಣಾಂಕ ತೆಗೆಯುವ ಸೂತ್ರವೊಂದು ಅವರಿಗೆ ಬಾಯಿಪಾಠ. ಎಲ್ಲದಕ್ಕೂ ಅದನ್ನೇ ಹಾಕುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಆಫೀಸಿನ ಹಿಂದಿನ ಬೀದಿಯಲ್ಲೇ ಅವರ ಬಾಡಿಗೆ ಮನೆ. ಅಕ್ಕ ಗಟ್ಟಿಗಿತ್ತಿ, ಮಾತು ಕಮ್ಮಿ, ಆಡಿದರೆ ಮಾತ್ರ ಎದುರಿನವರು ಕೂತೇ ಕೇಳಬೇಕು.

ಆ ವರ್ಷ ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನ ಮಹಿಳಾ ಮಂಡಳಿಗಳನ್ನು ಸೇರಿಸಿ ಉಪ್ಪಿನಕಾಯಿ ಸ್ಪರ್ಧೆ ನಡೆಸಬೇಕೆಂದು ಮೇಲಿನಿಂದ ಆದೇಶ ಬಂತು. ನಡೆಸುವ ಹೊಣೆ ನನ್ನ ತಲೆಗೆ. ತೀರ್ಪಿಗೆ ಶಿಕಾರಿಪುರದಿಂದ ನಿವೃತ್ತ ಟೀಚರಮ್ಮ ಒಬ್ಬರು. ಸೊರಬದಿಂದ ಮಸಾಲೆ ಅಂಗಡಿಯ ಸಾಹೇಬರು. ಸಾಹೇಬರ ನಾಲಿಗೆಯ ಬಗ್ಗೆ ಊರಿಗೇ ನಂಬಿಕೆ. ಮೆಂತ್ಯ ಹುರಿದದ್ದು ಒಂದು ಚೂರು ಹೆಚ್ಚಾದರೂ ಹೇಳಿಬಿಡುತ್ತಿದ್ದರು. ಎಂಟು ಜಾಡಿ ಬಂದವು. ಜಾಡಿಗಳ ಮೇಲೆ ನಂಬರು ಮಾತ್ರ. ಯಾವ ನಂಬರು ಯಾರದು ಎಂಬ ಪಟ್ಟಿ ನನ್ನ ಹತ್ತಿರ ಲಕೋಟೆಯಲ್ಲಿ. ಒಬ್ಬೊಬ್ಬರು ಇಪ್ಪತ್ತೈದರ ಮೇಲೆ ಅಂಕ ಕೊಡಬೇಕು. ಶಾಲೆಯ ಹಾಲಿನಲ್ಲಿ ಒಂದು ಮೂಲೆಗೆ ಅವರು, ಒಂದು ಮೂಲೆಗೆ ಇವರು ಕೂತು ರುಚಿ ನೋಡಿದರು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು. ನಡುವೆ ನಾನು ಇಬ್ಬರಿಗೂ ಕುಡಿಯಲು ನೀರು ಕೊಟ್ಟು ಬಂದೆ. ಅದೇ ನಾನು ಮಾಡಿದ ತಪ್ಪು.

ನಮ್ಮ ತಾಲ್ಲೂಕಿನ ಹೊಸಬಾಳೆಯ ಹೆಂಗಸೊಬ್ಬರಿಗೆ ಮೊದಲ ಬಹುಮಾನ ಬಂತು. ಶಿಕಾರಿಪುರದ ವಕೀಲರೊಬ್ಬರ ಹೆಂಡತಿಗೆ ಮೂರನೆಯದು. ವಾರ ಕಳೆಯುವುದರೊಳಗೆ ವಕೀಲರ ಅರ್ಜಿ ಬಂತು, ನಾಲ್ಕು ಪುಟ. ತೀರ್ಪುಗಾರರಿಬ್ಬರೂ ಮೊದಲೇ ಮಾತಾಡಿಕೊಂಡು ಅಂಕ ಕೊಟ್ಟಿದ್ದಾರೆ, ಗ್ರಾಮಸೇವಿಕೆಯು ನೀರು ಕೊಡುವ ನೆಪದಲ್ಲಿ ಒಬ್ಬರ ಅಂಕವನ್ನು ಇನ್ನೊಬ್ಬರಿಗೆ ಮುಟ್ಟಿಸಿದ್ದಾಳೆ, ಆದಕಾರಣ ಅವಳನ್ನು ಕೆಲಸದಿಂದ ತೆಗೆಯತಕ್ಕದ್ದು.

ಬಿಡಿಓ ಅರ್ಜಿ ಓದಿ ಕನ್ನಡಕ ತೆಗೆದರು. ‘ಖಾಯಂ ಆಗದೇ ಇರೋರ ಮೇಲೆ ಅರ್ಜಿ ಬಂದ್ರೆ ನನ್ನ ಕೈಲಿ ಏನಿರುತ್ತಮ್ಮ?’ ಎಂದರು.

ನನ್ನ ಸಂಬಳದಲ್ಲಿ ಅಮ್ಮ ಮತ್ತು ಓದುತ್ತಿದ್ದ ತಂಗಿ ಬದುಕಬೇಕಿತ್ತು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಆಗ ಪ್ರಗತಿ ಸಹಾಯಕರು ಬಂದು ನಿಂತು, ‘ಹೆದರಬೇಡಮ್ಮ, ಇದಕ್ಕೆ ಲೆಕ್ಕ ಉಂಟು. ಅಂಕದ ಹಾಳೆ ಕೊಡು’ ಎಂದರು. ಹೆಸರಿನ ಪಟ್ಟಿ ಕೇಳಲಿಲ್ಲ. ‘ಲೆಕ್ಕಕ್ಕೆ ಹೆಸರು ಬೇಡ.’

ಎರಡು ದಿನ ಲಾಗರಿದಂ ಪುಸ್ತಕ ತಿರುವಿ ಗುಣಾಂಕ ತೆಗೆದರು. ಸೊನ್ನೆ ದಶಾಂಶ ಎಂಟು ಏಳು! ‘ಎಷ್ಟು ಚೆನ್ನಾಗಿ ಒಪ್ಪಿಗೆ ಆಗಿದೆ ನೋಡು. ಇಬ್ಬರೂ ಸರಿಯಾಗೇ ರುಚಿ ನೋಡಿದ್ದಾರೆ ಅಂತ ಅರ್ಥ’ ಎಂದು ಕುಣಿದಾಡಿದರು. ಬಿಡಿಓ ಅವರಿಗೂ ಖುಷಿ. ಯಾರ ಉಪ್ಪಿನಕಾಯಿಗೆ ಎಷ್ಟು ಅಂಕ ಎಂದು ಬಾಯಿಬಿಟ್ಟರೆ ಎಂಟು ಮನೆಯವರ ಕೈಲೂ ಬೈಸಿಕೊಳ್ಳಬೇಕು. ಇದಾದರೆ ಒಂದೇ ಸಂಖ್ಯೆ, ಹೇಳಿ ಮುಗಿಸಬಹುದು.

ಸೋಮವಾರ ವಕೀಲರು ಶಿಕಾರಿಪುರದಿಂದ ಬಂದರು. ಬಿಡಿಓ ಅವರ ಕೋಣೆಯಲ್ಲಿ ವಿಚಾರಣೆ. ಪ್ರಗತಿ ಸಹಾಯಕರು ಎದ್ದು ನಿಂತು ಸಂಖ್ಯೆ ಓದಿದರು. ವಕೀಲರು ಕುರ್ಚಿಯನ್ನು ಹಿಂದೆ ಸರಿಸಿ, ‘ಇನ್ನೊಮ್ಮೆ ಹೇಳ್ರೀ’ ಎಂದರು.

‘ಸೊನ್ನೆ ದಶಾಂಶ ಎಂಟು ಏಳು.’

‘ಅಂದ್ರ ಒಂದಕ್ಕ ಸ್ವಲ್ಪ ಕಡಿಮಿ. ಅಲ್ರೀ ಬಿಡಿಓ ಸಾಹೇಬ್ರ, ಶಿಕಾರಿಪುರದ ನಾಲಿಗಿ, ಸೊರಬದ ನಾಲಿಗಿ ಇಷ್ಟು ಒಪ್ಪೋದು ಎಲ್ಲ್ಯಾರ ಐತೇನ್ರೀ? ಅವ್ರಿಗೆ ಬೆಳ್ಳುಳ್ಳಿ ಬೇಕು, ಇವ್ರಿಗೆ ಅಪ್ಪೆಮಿಡಿ ಬೇಕು. ಮಾತಾಡಿಕೊಳ್ಳದ ಇಷ್ಟು ಕೂಡಿ ಬರ್ತತೇನು? ನಾ ನಾಲ್ಕು ಪುಟ ಬರದದ್ದನ್ನ ಇವ್ರು ಒಂದ ಸಂಖ್ಯಾದಾಗ ರುಜುವಾತು ಮಾಡಿಕೊಟ್ರು!’

ಬಿಡಿಓ ನನ್ನ ಕಡೆ ನೋಡಿದ ನೋಟದಲ್ಲೇ ಆದೇಶದ ಒಕ್ಕಣೆ ಶುರುವಾದಂತಿತ್ತು. ಕೊನೆಗೆ ಗುರುವಾರದವರೆಗೆ ಸಮಯ ಕೊಟ್ಟರು. ಅವತ್ತು ಸ್ಪರ್ಧಿಗಳೂ ತೀರ್ಪುಗಾರರೂ ಬರಬೇಕು ಎಂದರು.

ಸಂಜೆ ಎಲ್ಲರೂ ಮನೆಗೆ ಹೋದರೂ ಪ್ರಗತಿ ಸಹಾಯಕರು ಹೋಗಲಿಲ್ಲ. ನನ್ನ ಟೂರ್ ಡೈರಿಯ ಹಿಂದಿನ ಪುಟದಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಚೌಕ ಮಾಡಿದರು. ‘ಗ್ರಾಫ್ ಹಾಳೆ ಇದ್ದಿದ್ರೆ ಮೊದಲೇ ಚಿತ್ರ ಬರೀತಿದ್ದೆ. ಬರೀಬೇಕಿತ್ತು...’ ಎಂದು ಗೊಣಗಿದರು. ಟೀಚರಮ್ಮನ ಅಂಕ ಅಡ್ಡಕ್ಕೆ, ಸಾಹೇಬರ ಅಂಕ ಉದ್ದಕ್ಕೆ, ಜಾಡಿಗೊಂದು ಚುಕ್ಕೆ. ಏಳು ಚುಕ್ಕೆ ಮೇಲಿನ ಮೂಲೆಯಲ್ಲಿ ಗುಂಪಾಗಿ ಬಿದ್ದವು, ಒಂದಕ್ಕೊಂದು ಯಾವ ಸಾಲೂ ಇಲ್ಲದೆ, ಚೆಲ್ಲಿದ ಮೆಣಸಿನ ಕಾಳಿನ ಹಾಗೆ. ಎಂಟನೆಯದು ಮಾತ್ರ ಕೆಳಗಿನ ಮೂಲೆಯಲ್ಲಿ ಒಂಟಿ. ಟೀಚರಮ್ಮ ಎರಡು ಅಂಕ, ಸಾಹೇಬರು ಒಂದು.

‘ಅಯ್ಯೋ ಮಾರಾಯ್ತಿ!’ ಎಂದು ಹಣೆ ಚಚ್ಚಿಕೊಂಡರು. ‘ಇದೊಂದು ಜಾಡಿ ಇಡೀ ಗುಣಾಂಕನ ಹೊತ್ತುಕೊಂಡು ನಿಂತಿದೆ. ಒಳ್ಳೆ ಉಪ್ಪಿನಕಾಯಿ ಬಗ್ಗೆ ಅವರಿಬ್ಬರಿಗೂ ಒಮ್ಮತವೇ ಇಲ್ಲ. ಕೆಟ್ಟದ್ದರ ಬಗ್ಗೆ ಮಾತ್ರ ಒಂದೇ ಮಾತು. ನಾನು ಹಾಕಿದ ಅಳತೆನೇ ತಪ್ಪು. ಇಂಥ ಕಡೆ ಅಂಕ ಬಿಡಬೇಕು, ಕ್ರಮ ಹಿಡೀಬೇಕು. ಯಾರಿಗೆ ಯಾವುದು ಒಂದನೇದು, ಯಾವುದು ಎರಡನೇದು, ಅಷ್ಟೇ. ಎಷ್ಟೇ ಕೆಟ್ಟಿದ್ರೂ ಎಂಟನೇದು ಎಂಟನೇ ಸ್ಥಾನಕ್ಕಿಂತ ಕೆಳಗೆ ಹೋಗಲ್ವಲ್ಲ!’

ಹತ್ತೇ ನಿಮಿಷದಲ್ಲಿ ಶ್ರೇಣಿಯ ಲೆಕ್ಕ ಮುಗಿಯಿತು. ಸೊನ್ನೆ ದಶಾಂಶ ಒಂದು ನಾಲ್ಕು. ಸಂಬಂಧವೇ ಇಲ್ಲವೆಂದರೂ ನಡೆಯುವಷ್ಟು ಕಡಿಮೆ. ಮೊದಲೇ ಮಾತಾಡಿಕೊಂಡವರು ಯಾರಾದರೂ ಇಷ್ಟು ಜಗಳದ ಹಾಗೆ ಸ್ಥಾನ ಕೊಡುತ್ತಾರೆಯೇ? ‘ನೀನು ಉಳಿದೆ ನೋಡಮ್ಮ!’ ಎಂದು ಅವರು ನಕ್ಕರು. ಆಮೇಲೆ ಕುತೂಹಲಕ್ಕೆ ಕೇಳಿದರು: ‘ಅಂದ ಹಾಗೆ, ಈ ಎಂಟನೇ ಜಾಡಿ ಯಾವ ಪುಣ್ಯಾತ್ಗಿತ್ತಿದು?’

ಲಕೋಟೆಯ ಪಟ್ಟಿ ನನಗೆ ಕಂಠಪಾಠವಾಗಿತ್ತು. ಹದಿನೈದು ದಿನದಿಂದ ಆ ಮನೆಯ ಕಡೆ ತಲೆ ಹಾಕದೆ ಓಡಾಡುತ್ತಿದ್ದೆ.

‘ನಿಮ್ಮನೇದೇ ಸಾರ್’ ಎಂದೆ.

ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ‘ಎರಡು ಮತ್ತೊಂದು... ಮೂರು. ಐವತ್ತಕ್ಕೆ ಮೂರು’ ಎಂದರು. ತಮ್ಮ ಛತ್ರಿಯನ್ನು ಬಿಟ್ಟು, ಪಕ್ಕದಲ್ಲಿದ್ದ ಜವಾನನ ಛತ್ರಿ ಹಿಡಿದುಕೊಂಡು ಮನೆಗೆ ಹೋದರು.

ಬೇಕಿದ್ದರೆ ಈ ಚಿತ್ರ ಹೊರಗೆ ತರುವುದೇ ಬೇಡ ಎಂದು ಮರುದಿನ ನಾನು ಹೇಳಿದೆ. ಬಾಯಿಮಾತಿಗಷ್ಟೇ ಹೇಳಿದ್ದು, ಅವರು ಹೂಂ ಅಂದುಬಿಟ್ಟರೆ ಏನು ಗತಿ ಎಂಬ ಭಯ ನನಗಿತ್ತು. ಅವರು, ‘ತಪ್ಪು ಅಳತೆ ಹಾಕಿದ್ದು ನಾನು. ಸರಿ ಮಾಡದೆ ಇರೋಕಾಗುತ್ತಾ?’ ಎಂದರಷ್ಟೇ.

ಗುರುವಾರ ಕೋಣೆ ತುಂಬಿತ್ತು. ಅಕ್ಕನೂ ಬಂದು ಹೆಂಗಸರ ಬೆಂಚಿನಲ್ಲಿ ಕೂತಿದ್ದರು. ಪ್ರಗತಿ ಸಹಾಯಕರು ತಮ್ಮ ಮೊದಲ ಲೆಕ್ಕ ತಪ್ಪೆಂದು ಒಪ್ಪಿಕೊಂಡರು, ಚುಕ್ಕೆಗಳ ಚಿತ್ರ ತೋರಿಸಿದರು, ಹೊಸ ಸಂಖ್ಯೆ ಓದಿದರು.

ವಕೀಲರು ಬಿಡುವವರೇ? ‘ಮೊನ್ನೆ ಎಂಟು ಏಳು, ಇವತ್ತ ಒಂದು ನಾಲ್ಕು. ನಾಳೆ ಇನ್ನೆಷ್ಟೋ! ಆ ಎಂಟನೇ ಜಾಡಿ ಯಾರ್ದು ಹೇಳ್ರೀ. ಇಬ್ಬರೂ ಕೂಡಿ ಮೂರು ಅಂಕ ಕೊಡೋವಂಥ ಉಪ್ಪಿನಕಾಯಿ ಭೂಮಿ ಮ್ಯಾಲೆ ಇರೋದ ಸುಳ್ಳು. ನೀವ ಹುಟ್ಟಿಸಿದ ಜಾಡಿ ಅದು!’

‘ಹೆಸರು... ಲೆಕ್ಕಕ್ಕೆ ಹೆಸರು ಬೇಕಾಗಲ್ಲ...’ ಎಂದು ಸಹಾಯಕರು ತಡವರಿಸಿದರು.

‘ಬೇಕಾಗ್ತತಿ!’

‘ಅದು... ಅದು ನಮ್ಮ...’

ಅಕ್ಕ ಎದ್ದು ನಿಂತರು. ‘ಎಂಟನೇ ಜಾಡಿ ನಂದು’ ಎಂದರು.

ಸಹಾಯಕರು ಕಣ್ಣು ಮುಚ್ಚಿಕೊಂಡರು. ಅಕ್ಕ ವಕೀಲರ ಕಡೆಗಲ್ಲ, ಗಂಡನ ಕಡೆಗೆ ತಿರುಗಿದರು. ‘ಸೋಮವಾರದಿಂದ ಊಟಕ್ಕೆ ಕೂತಾಗೆಲ್ಲ ಎರಡೆರಡು ಸಲ ಉಪ್ಪಿನಕಾಯಿ ಹಾಕಿಸ್ಕೊಂಡು, ಬಹಳ ಚೆನ್ನಾಗುಂಟು ಅಂತಿದ್ರಿ. ನನ್ನ ಜಾಡಿಗೆ ಏನೋ ಆಗಿದೆ ಅಂತ ಅವತ್ತೇ ನಂಗೆ ಗೊತ್ತಾಯ್ತು.’ ಆಮೇಲೆ ಬಿಡಿಓ ಅವರಿಗೆ ಹೇಳಿದರು: ‘ಬರ್ಕೊಳ್ಳಿ ಸಾರ್. ಉಪ್ಪಿನಕಾಯಿ ನಂದು. ಆದ್ರೆ ಒದ್ದೆ ಕೈ ಇವರದ್ದು. ಎಷ್ಟು ದಿನಕ್ಕೆ ಮಿಡಿ ಎಷ್ಟು ಮೆತ್ತಗಾಗುತ್ತೆ ಅಂತ ಲೆಕ್ಕ ಹಾಕೋಕೆ ಕೈ ತೊಳ್ಕೊಂಡು ಬಂದು ದಿನಾ ಜಾಡಿಗೆ ಕೈ ಹಾಕ್ತಿದ್ರು. ಬೂಸು ಹಿಡಿದು ಹಾಳಾಯ್ತು, ಮುಚ್ಚಳ ತೆಗೆದು ನೋಡದೆ ನಾನೂ ಸ್ಪರ್ಧೆಗೆ ಕೊಟ್ಟೆ. ಆ ಲೆಕ್ಕದಲ್ಲಿ ಏನು ಬಂತು ಅಂತ ನಂಗೆ ಇನ್ನೂ ಹೇಳಿಲ್ಲ.’

ಮೊದಲು ನಕ್ಕವರು ಟೀಚರಮ್ಮ. ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು. ಸಾಹೇಬರು ಎದ್ದು ಅಕ್ಕನಿಗೆ ಕೈ ಮುಗಿದು, ‘ತಪ್ಪು ತಿಳ್ಕೋಬೇಡಿ ಅಮ್ಮ. ಸೊನ್ನೆ ಕೊಡೋಕೆ ಮನಸ್ಸು ಬರಲಿಲ್ಲ. ಆ ಒಂದು ಅಂಕ ಜಾಡಿಗೆ ಕೊಟ್ಟದ್ದು. ಜಾಡಿ ಬಹಳ ಚಂದ ಇತ್ತು’ ಎಂದರು.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಬಿಡಿಓ ಅಂಕದ ಹಾಳೆಗಳನ್ನು ವಕೀಲರ ಮುಂದಿಟ್ಟರು. ಟೀಚರಮ್ಮನ ಹಾಳೆಯಲ್ಲಿ ಎಲ್ಲರಿಗಿಂತ ಮೇಲೆ ಇದ್ದದ್ದು ವಕೀಲರ ಹೆಂಡತಿಯ ಉಪ್ಪಿನಕಾಯಿ. ಸಾಹೇಬರ ಹಾಳೆಯಲ್ಲಿ ಅದೇ ಆರನೆಯದು. ವಕೀಲರು ಎರಡೂ ಹಾಳೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ, ‘ಟೀಚರಮ್ಮನವರ ತೀರ್ಪು ಮಾತ್ರ ನಿಷ್ಪಕ್ಷಪಾತ ಐತಿ ಅಂತ ಬರಕೊಳ್ರಿ’ ಎಂದು ಅರ್ಜಿ ವಾಪಸು ಪಡೆದರು.

ಮುಂದಿನ ವರ್ಷ ನನ್ನ ಕೆಲಸ ಖಾಯಂ ಆಯಿತು. ಅದೇ ಬೇಸಿಗೆಯಲ್ಲಿ ಅವರಿಗೆ ವರ್ಗವಾಯಿತು. ಬಸ್ ಸ್ಟ್ಯಾಂಡಿಗೆ ಬೀಳ್ಕೊಡಲು ಹೋದಾಗ, ನಿಮ್ಮಿಂದ ನನ್ನ ಅನ್ನ ಉಳಿಯಿತು ಎಂದು ಹೇಳಬೇಕೆಂದಿದ್ದೆ. ಅವರು ಟ್ರಂಕುಗಳನ್ನು ಎಣಿಸುವ ಗಡಿಬಿಡಿಯಲ್ಲಿದ್ದರು. ಕಾಗದದಲ್ಲಿ ಬರೆದರಾಯಿತು ಅಂದುಕೊಂಡೆ... ಬರೆದ ಕಾಗದಗಳಲ್ಲೂ ಹಬ್ಬದ ಶುಭಾಶಯ, ಅಮ್ಮನ ಆರೋಗ್ಯ, ಹೊಸ ಬಿಡಿಓ ಇಂಥವೇ ಇದ್ದವು.

ಅವರು ತೀರಿಕೊಂಡದ್ದು ನನಗೆ ತಿಳಿದದ್ದೂ ತಡವಾಗಿ. ಅಕ್ಕನನ್ನು ನೋಡಲು ಹೋದೆ. ಆ ಗುರುವಾರದ ಮಾತು ಬಂದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅವತ್ತು ಮನೆಗೆ ಹೋಗುವಾಗ ಅವರು ಏನಂದರು ಎಂದು ಕೇಳಿದೆ. ‘ಅರ್ಧ ದಾರೀಲಿ ನಿಂತು, ಎಂಟನೇದು ನಿಂದು ಅಂತ ಮೊದಲೇ ಗೊತ್ತಿದ್ರೂ ಆ ಚಿತ್ರ ಬರೀತಿದ್ದೆ ಕಣೇ ಅಂದ್ರು. ಬರೀದೆ ಇದ್ರೆ ಆ ಹುಡುಗಿ ಮುಖ ಹೇಗೆ ನೋಡ್ತಿದ್ರಿ, ನಡೀರಿ ಅಂದೆ.’ ಇಷ್ಟು ಹೇಳಿ ಅಕ್ಕ ಎದ್ದು ಒಳಗೆ ಹೋದರು, ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಈಗ ಅಕ್ಕನೂ ಇಲ್ಲ. ಸಾಹೇಬರು, ಟೀಚರಮ್ಮ, ಬಿಡಿಓ, ಆ ವಕೀಲರು, ಯಾರೂ ಇಲ್ಲ. ಅವತ್ತು ಆ ಕೋಣೆಯಲ್ಲಿದ್ದವರಲ್ಲಿ ಉಳಿದವಳು ಬಹುಶಃ ನಾನೊಬ್ಬಳೇ. ಇಲ್ಲಿ ಬರೆದದ್ದನ್ನೆಲ್ಲ ಓದಿ ‘ಹೌದು, ಹೀಗೇ ಆಗಿತ್ತು’ ಎನ್ನುವವರಿಲ್ಲ. ‘ಹಾಗಲ್ಲ ಕಣಮ್ಮ, ನೀನು ಮರೆತಿದ್ದೀಯ’ ಎಂದು ಕೆಂಪು ಪೆನ್ನು ತೆಗೆಯುವವರೂ ಇಲ್ಲ.