ಸೋಮವಾರದ ಎತ್ತು

ಸವದತ್ತಿಯಲ್ಲಿ ತರಬೇತಿ ಮುಗಿದಾಗ ನನಗೆ ಒಂದು ಕಿತ್ತಳೆ ಬಣ್ಣದ ಜಾಕೀಟು, ಒಂದು ಸೀಟಿ ಮತ್ತು ಮಾತಿಗಿಂತ ಹೆಚ್ಚು ಕಿರುಗುಡುವ ಒಂದು ಕೈಮೈಕು ಕೊಟ್ಟು ಕಳಿಸಿದರು. ಹೊಳೆ ಬಂದಾಗ ಊರವರನ್ನು ಎತ್ತರಕ್ಕೆ ಸಾಗಿಸುವ ಸ್ವಯಂಸೇವಕ ನಾನು. ಊರಲ್ಲಿ ನನ್ನನ್ನೇ ಆರಿಸಿದ್ದಕ್ಕೆ ಕಾರಣ ಸರಳ. ನನ್ನ ಬಳಿ ಬೈಕು ಇತ್ತು, ಕೆಲಸ ಇರಲಿಲ್ಲ.

ನಮ್ಮ ಊರು ಮುನವಳ್ಳಿಗೂ ರಾಮದುರ್ಗಕ್ಕೂ ನಡುವೆ, ಮಲಪ್ರಭೆಯ ದಂಡೆಗೆ ಅಂಟಿಕೊಂಡಿದೆ. ಮೇಲೆ ಅಣೆಕಟ್ಟು ತುಂಬಿ ಗೇಟು ತೆಗೆದರೆ, ನಮ್ಮಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ನೀರು ಓಣಿಗೆ ಬರುತ್ತದೆ. ಹಿಂದೆಯೂ ಬಂದಿದೆ. ಹಾಗಾಗಿ ಜನ ಓಡೋಡಿ ನನ್ನ ಮೀಟಿಂಗಿಗೆ ಬರುತ್ತಾರೆ ಎಂದುಕೊಂಡಿದ್ದೆ. ಮೀಟಿಂಗ್ ಅಂದರೆ ಮನೆಮನೆಗೆ ಹೋಗಿ ಕರೆಯುವುದು, ಬರುತ್ತೇವೆ ಅಂದವರು ಬರದೇ ಇರುವುದು, ಬಂದವರು ತಮ್ಮ ಮನೆಯ ಮುಂದಿನ ಗಟಾರದ ಮಾತು ತೆಗೆಯುವುದು. ಮಳೆಗಾಲ ಶುರುವಾಗುವ ಮೊದಲೇ ನನ್ನ ಗಂಟಲು ಬತ್ತಿಹೋಗಿತ್ತು.

ತರಬೇತಿಯಲ್ಲಿ ಕಲಿಸಿದಂತೆ ಒಂದು ಸಂಜೆ ಗುಡಿಯ ಅಂಗಳದಲ್ಲಿ ರಂಗೋಲಿಯಿಂದ ಊರಿನ ನಕ್ಷೆ ಬಿಡಿಸಿದೆ. ನೀಲಿ ಪುಡಿ ಸಾಲದೆ ಹೊಳೆಗೆ ಹಸಿರು ತುಂಬಿದೆ. ಎತ್ತಿನ ಚಕ್ಕಡಿ ಇಟ್ಟುಕೊಂಡಿರುವ ನಮ್ಮ ಓಣಿಯ ಕಾಕಾ ಅದನ್ನು ಹೊಲ ಎಂದು ತಿಳಿದು ನಟ್ಟನಡುವೆ ಕುಳಿತು ಎಲೆ ಅಡಿಕೆ ಬಿಚ್ಚಿದರು.

"ಕಾಕಾ, ನೀವು ಹೊಳ್ಯಾಗ ಕುಂತೀರಿ. ಏಳ್ರಿ."

"ಕುಂತೇನಿ, ಕುಂತೇನಿ. ಚಾ ಕುಡದ ಮುಳಗ್ತೇನಿ ತಡಿ."

ಅವತ್ತು ಚಹಾ ಕುಡಿದು ಎಲ್ಲರೂ ಎದ್ದರು. ಹೊಳೆ ಕಾಕಾನ ಧೋತರಕ್ಕೆ ಅಂಟಿಕೊಂಡು ಅವರ ಮನೆಗೆ ಹೋಯಿತು.

ಇಷ್ಟಾದರೂ ನಾನು ಬಿಡಲಿಲ್ಲ. ಕಾರಣ ನನ್ನ ಸೋದರತ್ತೆ. ಅವಳ ಮನೆ ಹೊಳೆಗೆ ಎಲ್ಲರಿಗಿಂತ ಹತ್ತಿರ. ಸೊಸೆಯ ಜೊತೆ ಖಡಕ್ ರೊಟ್ಟಿ ಬಡಿದು ರಾಮದುರ್ಗದ ಖಾನಾವಳಿಗಳಿಗೆ ಕಳಿಸುತ್ತಾಳೆ. ಒಮ್ಮೆ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಅವಳಿಗೆ ಅಂಗಳ ದಾಟುವುದೇ ಕಷ್ಟ. ಹಿಂದಿನ ಸಲ ನೀರು ಬಂದಾಗ ಅವಳನ್ನು ಕುರ್ಚಿಯಲ್ಲಿ ಕೂಡಿಸಿ, ಬಿದಿರು ಕಟ್ಟಿ, ನಾಲ್ವರು ಹೆಗಲ ಮೇಲೆ ಹೊತ್ತು ಸಾಗಿಸಿದ್ದರು. ನಮ್ಮಲ್ಲಿ ಸತ್ತವರನ್ನು ಕೂಡಿಸಿಯೇ ಹೊತ್ತೊಯ್ಯುವುದು. ಅವಸರದಲ್ಲಿ ಅದು ಯಾರ ತಲೆಗೂ ಹೊಳೆದಿರಲಿಲ್ಲ.

"ಊರ ಅಗಸಿ ಬಾಗಲ ಮುಂದ ಕುಂತಾಂವ ಒಬ್ಬಾಂವ ಟೊಪಗಿ ತಗದು ಕೈ ಮುಗದ," ಅನ್ನುತ್ತಾಳೆ ಅತ್ತೆ ಈಗಲೂ. "ನಾ ಇನ್ನೂ ಉಸರಾಡಾಕತ್ತಿದ್ದೆ. ಇನ್ನ ನಾ ಆ ಕುರ್ಚಿ ಏರಾಕಿ ಅಲ್ಲ. ಮಂದಿ ಹೆಗಲ ಒಮ್ಮೆ ಸಾಕು, ಅದೂ ಕಡೀಕ. ಕೆಳಗ ಗಾಲಿ ಇದ್ರ ಬರ್ತೇನಿ. ಇಲ್ಲಾಂದ್ರ ನನ್ನ ರೊಟ್ಟಿ ಹಂಚು, ನಾನು, ಹೊಳಿ."

ಅವಳು ಆಡಿದರೆ ಆಡಿದಂತೆಯೇ. ಮನೆಯ ಹತ್ತಿರದ ತಿರುವಿನಲ್ಲಿ ಟ್ರ್ಯಾಕ್ಟರು ತಿರುಗುವುದಿಲ್ಲ, ಬೈಕಿನ ಮೇಲೆ ಅವಳ ಸೊಂಟ ನಿಲ್ಲುವುದಿಲ್ಲ. ಉಳಿದದ್ದು ಕಾಕಾನ ಚಕ್ಕಡಿ. ಕಾಕಾ ಒಪ್ಪಿದರು. ಒಂದು ಸಲ ಎಲ್ಲವನ್ನೂ ಸುಳ್ಳುಸುಳ್ಳೇ ಮಾಡಿ ನೋಡೋಣ, ನಿಜವಾಗಿ ನೀರು ಬಂದಾಗ ಗಲಿಬಿಲಿಯಾಗಬಾರದು ಎಂದೆ. ಯಾವ ದಿನ ಎಂದು ಕೇಳಿದರೆ ಇಡೀ ಓಣಿ ಒಂದೇ ದನಿಯಲ್ಲಿ ಸೋಮವಾರ ಅಂದಿತು. ಎಂದೂ ಒಂದಾಗದ ಜನ ಒಂದಾದರಲ್ಲ ಎಂದು ನನಗೆ ಕಣ್ಣೀರು ಬರುವುದೊಂದು ಬಾಕಿ.

ಸೋಮವಾರ ಬೆಳಿಗ್ಗೆ ಜಾಕೀಟು ಹಾಕಿ ಸೀಟಿ ಊದಿದೆ. ಜನ ನಿಜವಾಗಿಯೂ ಬಂದರು. ಅತ್ತೆ ತಲೆ ಬಾಚಿ, ಹಂಚನ್ನು ಸೀರೆಯಲ್ಲಿ ಗಂಟು ಕಟ್ಟಿ, ಆಗಲೇ ಚಕ್ಕಡಿ ಏರಿ ಕುಳಿತಿದ್ದಳು. ಎತ್ತುಗಳು ಮಾತ್ರ ಗ್ವಾದಲಿಯ ಮುಂದೆ ನಿಂತು ಆರಾಮಾಗಿ ಮೇವು ತಿನ್ನುತ್ತಿದ್ದವು.

"ಕಾಕಾ, ಎತ್ತು ಹೂಡ್ರಿ."

ಕಾಕಾ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. "ಇವತ್ತ ಸೋಮವಾರ. ಬಸವಣ್ಣಗ ಸೂಟಿ."

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇದೇ ಊರಲ್ಲಿ ಹುಟ್ಟಿದವನು ನಾನು. ಆದರೆ ನಾನು ಸಾಲಿಗೆ ಹೋಗುವಾಗಲೇ ಅಪ್ಪ ಎತ್ತು ಮಾರಿ ಟ್ರ್ಯಾಕ್ಟರ್ ತಂದಿದ್ದ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ.

"ನೀವ ಸೋಮವಾರ ಅಂದ್ರೆಲ್ಲ?"

"ಸೋಮವಾರ ಮನ್ಯಾಗ ಇರ್ತೇವಿ ಅಂದೆ. ಎತ್ತು ಹೂಡ್ತೇನಿ ಅಂದ್ನೇನು?"

"ಮತ್ತ ಹೊಳಿ ಸೋಮವಾರ ಬಂದ್ರ?"

"ಬಂದ್ರ ನೋಡೂಣು. ಇವತ್ತ ಬಂದಿಲ್ಲಲ್ಲ."

ಚಕ್ಕಡಿಯ ಮೇಲಿಂದ ಅತ್ತೆ ಅಂದಳು, "ಎತ್ತಿಲ್ಲಾಂದ್ರ ಏನಾತು, ತಮ್ಮಾ. ನೀ ಅದೀಯಲ್ಲ."

ಓಣಿಗೆ ಓಣಿಯೇ ನಕ್ಕಿತು. ನಗುವ ಜನರ ಮುಂದೆ ಸುಮ್ಮನೆ ನಿಲ್ಲುವ ಗುಣ ನನಗೆ ದೇವರು ಕೊಟ್ಟಿಲ್ಲ. ಬಗ್ಗಿ ನೊಗದ ಬಲಗಡೆ ಹೆಗಲು ಕೊಟ್ಟೆ. ಎಡಗಡೆ ನಾಲ್ಕಾರು ಹುಡುಗರು ಸೇರಿದರು, ಕಾಕಾ ಹಿಂದಿನಿಂದ ದೂಡಿದರು. ತಿರುವಿನ ತನಕ ನಾನು ಖಿಲಾರಿ ಹೋರಿಯೇ. ತಿರುವಿನಲ್ಲಿ ಚಪ್ಪಲಿ ಜಾರಿತು. ನೊಗ ನೆಲಕ್ಕೆ ಬಿತ್ತು, ಅತ್ತೆ ರೊಟ್ಟಿ ಬುಟ್ಟಿಯಂತೆ ಜಾರಿ ಬಂದು ನನ್ನ ಬೆನ್ನ ಮೇಲೆ ಕುಳಿತಳು. ಅವಳಿಗೆ ಏನೂ ಆಗಲಿಲ್ಲ. ನನ್ನ ಬಾಯಿಗೆ ಊರಿನ ಮಣ್ಣು ಬಂತು. ನಾನು ಎದ್ದು ಮೈ ಕೊಡವುವುದರೊಳಗೆ ಅದರ ವಿಡಿಯೋ ಬೈಲಹೊಂಗಲ ಮುಟ್ಟಿತ್ತು. ಕಿತ್ತೂರಿನಿಂದ ಸೋದರಮಾವ ಫೋನು ಮಾಡಿ, "ಹೋರಿಗೆ ಎಷ್ಟ ಹಲ್ಲು ಅಂತ ಇಲ್ಲಿ ಮಂದಿ ಕೇಳಾಕತ್ತಾರಪಾ, ಏನ್ ಹೇಳ್ಲಿ?" ಅಂದರು.

ಆಮೇಲೆ ನಾನು ಎಷ್ಟೇ ಮೀಟಿಂಗ್ ಮಾಡಲಿ, ಯಾರಿಗೂ ಸೀಟಿಯ ಅರ್ಥ ನೆನಪಿಲ್ಲ, ಹೊಳೆ ಬಂದಾಗ ಬೇಕೆಂದು ತೆಗೆದಿಟ್ಟ ಔಷಧದ ಚೀಲ ಎಲ್ಲಿದೆ ಗೊತ್ತಿಲ್ಲ. ನಾನು ಬಿದ್ದದ್ದು ಮಾತ್ರ ಎಲ್ಲರಿಗೂ ಬಾಯಿಪಾಠ. ಮಾತಾಡಲು ಎದ್ದರೆ ಯಾರಾದರೂ ಹಿಂದಿನಿಂದ ಎತ್ತಿಗೆ ಮಾಡುವಂತೆ ನಾಲಗೆ ಲೊಟಕರಿಸುತ್ತಿದ್ದರು. ಮಾತು ಸಾಕಾಗಿ ಸಾಲಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದೆ: ಮೊದಲು ದನಕರು. ಕಡೆಗಳಿಗೆಯಲ್ಲಿ ದನ ಬಿಚ್ಚಲು ಹೋಗಿ ಜನ ಸಿಕ್ಕಿಬೀಳುತ್ತಾರೆ ಎಂದು ತರಬೇತಿಯಲ್ಲಿ ಹೇಳಿದ್ದರು.

ಹೊಳೆ ಬಂದದ್ದು ಬುಧವಾರ ಮಧ್ಯಾಹ್ನ. ಗೇಟು ತೆಗೆದ ಸುದ್ದಿ ಫೋನಿನಲ್ಲಿ ಬಂತು. ಮೈಕು ಕಿರುಗುಟ್ಟಿ ಸತ್ತಿತು. ಸೀಟಿ ಊದುತ್ತಾ ಓಣಿ ಓಣಿ ಓಡಿ ಅತ್ತೆಯ ಮನೆ ಮುಟ್ಟಿದಾಗ ನೀರು ಬಟ್ಟೆ ಒಗೆಯುವ ಕಲ್ಲನ್ನು ನುಂಗಿತ್ತು. ಅತ್ತೆ ಹಂಚಿನ ಗಂಟು ಹಿಡಿದು ಹೊಸ್ತಿಲ ಮೇಲೆ ಕುಳಿತಿದ್ದಳು. ಬಾಗಿಲ ಮುಂದೆ ಚಕ್ಕಡಿ ನಿಂತಿತ್ತು. ಎತ್ತುಗಳಿರಲಿಲ್ಲ.

"ಎತ್ತು ಎಲ್ಲಿ, ಕಾಕಾ?"

"ಊರಾಚಿ ದಿನ್ನಿ ಮ್ಯಾಲೆ ಹೊಡದ ಕಳಿಸೇನಿ. ಮೊದಲ ದನಕರು ಅಂತ ನೀನ ಬರಸೀಯಲ್ಲ."

ಇಡೀ ವರ್ಷದಲ್ಲಿ ಊರು ಕೇಳಿದ್ದು ನನ್ನ ಒಂದೇ ಮಾತು, ಅದೂ ಇದು. ನಾನು ಕಕ್ಕಾಬಿಕ್ಕಿಯಾಗಿ ಮನೆಯೊಳಗಿನ ಕುರ್ಚಿಯ ಕಡೆ ನೋಡಿದೆ. ಅತ್ತೆ ನಾನು ನೋಡಿದ್ದನ್ನು ನೋಡಿದಳು.

"ಆ ಕುರ್ಚಿ ಮುಟ್ಟಿದ್ರ ನಾ ಒಳಗ ಹೋಗಿ ಚಿಲಕಾ ಹಾಕ್ಕೊಂತೇನಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಅಷ್ಟರಲ್ಲಿ ಯಾರೂ ಹೇಳದೆ ಹುಡುಗರು ಹೋಗಿ ನೊಗದ ಎಡಗಡೆ ಹೆಗಲು ಕೊಟ್ಟರು. ಕಾಕಾ ಹಿಂದೆ ನಿಂತರು. ಸೊಸೆ ಅತ್ತೆಯ ರಟ್ಟೆ ಹಿಡಿದು ಚಕ್ಕಡಿ ಏರಿಸಿದಳು. ಬಲಗಡೆ ಖಾಲಿ ಇತ್ತು.

"ಏನ್ ನೋಡಾಕತ್ತಿ? ಅದು ನಿಂದು," ಅಂದರು ಕಾಕಾ.

ಎಳೆದೆವು. ಯಾರೂ ನಗಲಿಲ್ಲ. ನೀರು ಮೊಣಕಾಲಿಗೆ ಬಡಿಯುತ್ತಿತ್ತು, ಕೆಸರಲ್ಲಿ ಗಾಲಿ ಹೂತು ಹೂತು ಏಳುತ್ತಿತ್ತು. ತಿರುವು ಬಂದಾಗ ಮೇಲಿಂದ ಅತ್ತೆ ಮೆಲ್ಲಗೆ, "ಸಾವಕಾಶ. ನೀ ಬೀಳೂ ಜಾಗಾ ಇದ," ಅಂದಳು. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇದ್ದೆ. ಬೀಳಲಿಲ್ಲ.

ಅತ್ತೆಯನ್ನು ಎತ್ತರದಲ್ಲಿರುವ ಸಾಲಿಯಲ್ಲಿ ಇಳಿಸಿ ಮತ್ತೆ ಹೋದೆವು, ಮತ್ತೆ ಹೋದೆವು. ಕಾಳಿನ ಚೀಲ, ಬಾಣಂತಿ, ಯಾರದೋ ಟಿವಿ. ಸಂಜೆಯ ಹೊತ್ತಿಗೆ ಸಾಲಿಯ ಕಟ್ಟೆಯ ಮೇಲೆ ನಾನು ಅಂಗಾತ ಬಿದ್ದಿದ್ದೆ. ಹೆಗಲು ಬಾತುಕೊಂಡು ಕುತ್ತಿಗೆ ತಿರುಗುತ್ತಿರಲಿಲ್ಲ. ಕಾಕಾ ಬಂದು ಅರಿಶಿಣ ಕಲಸಿದ ಎಣ್ಣೆಯನ್ನು ಹೆಗಲಿಗೆ ತಿಕ್ಕತೊಡಗಿದರು. ತಮ್ಮ ಎತ್ತಿಗೆ ತಿಕ್ಕುವುದೂ ಅದನ್ನೇ.

ಅತ್ತೆ ಮೂರು ಕಲ್ಲು ಹೂಡಿ ಹಂಚು ಇಟ್ಟು, ಕುಳಿತಲ್ಲಿಂದಲೇ ರೊಟ್ಟಿ ಬಡಿಯುತ್ತಿದ್ದಳು. ಮೊದಲ ರೊಟ್ಟಿ ನನ್ನ ಕೈಗೆ ಕೊಟ್ಟು ಕಾಕಾನಿಗೆ ಹೇಳಿದಳು:

"ಸೋಮವಾರ ಇವಗೂ ಸೂಟಿ ಕೊಡ್ರಿ."

ಸೋಮವಾರ ಇನ್ನೂ ಬಹಳ ದೂರವಿತ್ತು.